ಕನ್ನಡದ ಮಕ್ಕಳಿಗೆ ಕನ್ನಡದ ಅಕ್ಷರವಿತ್ತ ಡೆಪ್ಯುಟಿ ಚನ್ನಬಸಪ್ಪನವರು

ಅಕ್ಷರ ಕಲಿಯುವುದು ಒಂದು ಹೆಜ್ಜೆ. ಕಲಿತ ಅಕ್ಷರದಿಂದ ತನ್ನ ಮನದ ಮಾತನ್ನು ತಾನೇ ಬರೆಯುವುದು ಅದಕ್ಕಿಂತ ದೊಡ್ಡ ಹೆಜ್ಜೆ. ಮೊದಲ ಹೆಜ್ಜೆಗೆ ಗುರು ಬೇಕು, ಎರಡನೆಯದಕ್ಕೆ ಗುರುವಿನೊಡನೆ ತಾಯ್ನುಡಿಯೂ ಬೇಕು. ಇಂದಿಗೆ ನೂರೈವತ್ತು ವರ್ಷಗಳಿಗೂ ಹಿಂದೆ, ಧಾರವಾಡ ಬೆಳಗಾವಿಗಳ ಸೀಮೆಯಲ್ಲಿ ಕನ್ನಡದ ಮಕ್ಕಳಿಗೆ ಕನ್ನಡವೇ ದೊರೆಯದಂತಾಗಿದ್ದ ಕಾಲದಲ್ಲಿ, ಈ ಎರಡನ್ನೂ ಒದಗಿಸಲು ತಮ್ಮ ಬಾಳನ್ನು ಸವೆಸಿದ ಮಹನೀಯರು ಡೆಪ್ಯುಟಿ ಚನ್ನಬಸಪ್ಪನವರು. ಅವರ ಹೆಸರನ್ನು ನಾವು ಸಭೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಆದರೆ ಅವರು ಮಾಡಿದ ಕೆಲಸದ ಬಗೆಯನ್ನು ಅರಿತವರು ಕಡಿಮೆ. ಶಾಲೆಗೆ ಹೋಗುವ ಮಕ್ಕಳಿರುವ ಪ್ರತಿಯೊಂದು ಶರಣರ ಮನೆಯೂ ಅದನ್ನು ಅರಿಯಬೇಕೆಂದು ಈ ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ಚನ್ನಬಸಪ್ಪನವರು ಧಾರವಾಡದಲ್ಲಿ 1834ರಲ್ಲಿ ಲಿಂಗಾಯತ ಮನೆತನದಲ್ಲಿ ಜನಿಸಿದರು. ಅವರು ಕಣ್ಣು ತೆರೆದಾಗ ಈ ನಾಡಿನ ಸ್ಥಿತಿ ಹೇಗಿತ್ತೆಂಬುದನ್ನು ತಿಳಿಯದೆ ಅವರ ಸಾಧನೆಯ ಬೆಲೆ ತಿಳಿಯುವುದಿಲ್ಲ. ಪೇಶವೆಯರ ಆಳ್ವಿಕೆ 1818ರಲ್ಲಿ ಕೊನೆಗೊಂಡಿತು. ಅವರ ವಶದಲ್ಲಿದ್ದ ಕನ್ನಡದ ಸೀಮೆಗಳು ಇಂಗ್ಲಿಷರ ಮುಂಬಯಿ ಇಲಾಖೆಗೆ ಸೇರಿದವು. ಆಳುವವರು ಬದಲಾದರೂ ಕಚೇರಿಯ ಭಾಷೆ ಬದಲಾಗಲಿಲ್ಲ. ಲೆಕ್ಕಪತ್ರ, ದಾಖಲೆ, ಅರ್ಜಿ ಎಲ್ಲವೂ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ನಡೆಯುತ್ತಿದ್ದವು. ಕನ್ನಡ ನುಡಿಯುವ ಈ ಜಿಲ್ಲೆಗಳನ್ನು ಇಂಗ್ಲಿಷ್ ಅಧಿಕಾರಿಗಳು ದಕ್ಷಿಣ ಮರಾಠಾ ದೇಶವೆಂದೇ ತಮ್ಮ ಕಾಗದಗಳಲ್ಲಿ ಕರೆಯುತ್ತಿದ್ದರು. ಸರಕಾರ ಶಾಲೆಗಳನ್ನು ತೆರೆದಾಗ, ದೇಶಕ್ಕೆ ಕೊಟ್ಟ ಈ ಹೆಸರನ್ನು ನಂಬಿ, ಶಾಲೆಗಳಲ್ಲಿಯೂ ಮರಾಠಿಯನ್ನೇ ಇರಿಸಿತು.

ಇದರ ಫಲವನ್ನು ಉಂಡವರು ಮಕ್ಕಳು. ಮನೆಯಲ್ಲಿ ತಾಯಿ ಕನ್ನಡದಲ್ಲಿ ಕರೆಯುವಳು, ಹೊಲದಲ್ಲಿ ತಂದೆ ಕನ್ನಡದಲ್ಲಿ ಹಾಡುವನು, ಮಠದಲ್ಲಿ ಕನ್ನಡದ ವಚನ ಪುರಾಣಗಳು ನಡೆಯುವವು. ಶಾಲೆಯ ಹೊಸ್ತಿಲು ದಾಟಿದರೆ ಮಾತ್ರ ಬೇರೊಂದು ಭಾಷೆ. ಹೀಗೆ ಕಲಿತ ಮಗು ಓದನ್ನು ಬಾಯಿಪಾಠ ಮಾಡಬಲ್ಲದಾಗಿತ್ತು, ತನ್ನ ಮನಸ್ಸಿನದನ್ನು ಬರೆಯಬಲ್ಲದಾಗಿರಲಿಲ್ಲ. ಮರಾಠಿ ಸಂಪನ್ನವಾದ ಭಾಷೆ, ಸಂತರ ಭಾಷೆ. ಅದರ ಮೇಲೆ ಚನ್ನಬಸಪ್ಪನವರಿಗೆ ದ್ವೇಷವಿರಲಿಲ್ಲ, ನಮಗೂ ಇರಬೇಕಾಗಿಲ್ಲ. ತನ್ನ ತಾಯ್ನುಡಿಯ ಅಕ್ಷರವನ್ನೇ ಅರಿಯದೆ ಒಂದು ಪೀಳಿಗೆ ಬೆಳೆಯುತ್ತಿದೆಯಲ್ಲ ಎಂಬುದು ಅವರ ವ್ಯಥೆಯಾಗಿತ್ತು.

ಆಗ ಕನ್ನಡ ಪೂರ್ತಿಯಾಗಿ ಅಳಿಯದಂತೆ ಹಿಡಿದುಕೊಂಡಿದ್ದವು ಊರೂರಿನ ಐಗಳ ಮಠಗಳು. ಆ ಕಾಲದ ಮಾತಿನಲ್ಲಿ ಮಠವೆಂದರೆ ಶಾಲೆ ಎಂದೇ ಅರ್ಥ. ಗುಡಿಯ ಜಗಲಿಯಲ್ಲಿಯೋ ಮಠದ ಪಡಸಾಲೆಯಲ್ಲಿಯೋ ಐಗಳು ಹುಡುಗರನ್ನು ಕೂಡಿಸಿಕೊಂಡು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಮುಂದೆ ಕಡತದ ಮೇಲೆ ಬಳಪದ ಬರವಣಿಗೆ, ಮಗ್ಗಿ, ಕಾವ್ಯಗಳ ಓದು. ಊರವರು ಕೊಟ್ಟ ಕಾಳುಕಡಿಯೇ ಅವರಿಗೆ ಸಂಬಳ. ಅಚ್ಚಿನ ಪುಸ್ತಕ ಅವರ ಕೈಗೆ ಬಂದಿರಲಿಲ್ಲ. ಭೂಗೋಲ, ಇತಿಹಾಸ ಮೊದಲಾದ ಹೊಸ ವಿದ್ಯೆಗಳ ಗಾಳಿಯೂ ಅಲ್ಲಿಗೆ ಸುಳಿದಿರಲಿಲ್ಲ. ಕನ್ನಡ ಅಲ್ಲಿ ಬದುಕಿತ್ತು, ಆದರೆ ಬೆಳೆಯುತ್ತಿರಲಿಲ್ಲ.

ಚನ್ನಬಸಪ್ಪನವರು ಹೆಚ್ಚಿನ ವಿದ್ಯೆಯನ್ನು ಅರಸಿ ಪುಣೆಗೆ ಹೋದರು. ಇಂಗ್ಲಿಷನ್ನೂ ಮರಾಠಿಯನ್ನೂ ಚೆನ್ನಾಗಿ ಕಲಿತರು. ಹಾಗೆ ಕಲಿತವರಿಗೆ ಸರಕಾರದಲ್ಲಿ ಸುಖದ ದಾರಿಗಳು ಹಲವಿದ್ದವು. ಮರಾಠಿಯಲ್ಲಿಯೇ ವ್ಯವಹರಿಸುತ್ತ, ಮೇಲಿನವರ ಮನವೊಲಿಸುತ್ತ ನಿಶ್ಚಿಂತೆಯಿಂದ ಇರಬಹುದಾಗಿತ್ತು. ಅವರು ಆರಿಸಿಕೊಂಡದ್ದು ಅಧ್ಯಾಪನದ ಕಾಯಕವನ್ನು. ಶಿಕ್ಷಕರನ್ನು ತಯಾರಿಸುವ ನಾರ್ಮಲ್ ಸ್ಕೂಲಿನ ಮುಖ್ಯಾಧ್ಯಾಪಕರಾದರು. ಬಳಿಕ ಡೆಪ್ಯುಟಿ ಎಜುಕೇಶನಲ್ ಇನ್ಸ್‌ಪೆಕ್ಟರ್ ಹುದ್ದೆಗೆ ಬಂದರು. ಆ ಹುದ್ದೆಯ ಹೆಸರೇ ಅವರ ಹೆಸರಿಗೆ ಅಂಟಿ, ಇಂದಿಗೂ ನಾವು ಅವರನ್ನು ಡೆಪ್ಯುಟಿ ಚನ್ನಬಸಪ್ಪನವರೆಂದೇ ನೆನೆಯುತ್ತೇವೆ.

ಕನ್ನಡದ ಮಕ್ಕಳಿಗೆ ಕನ್ನಡ ಕಲಿಸಬೇಕೆಂದು ಅವರಿಗಿಂತ ಮುಂಚೆ ಯೋಚಿಸಿದವರು ಇರಲಿಲ್ಲವೆಂದಲ್ಲ. ಕಿತ್ತೂರಿನ ಚರಿತ್ರೆಯಲ್ಲಿ ಹೆಸರು ಬರುವ ವಾಲ್ಟರ್ ಎಲಿಯಟ್ ಸಾಹೇಬರು ಧಾರವಾಡದಲ್ಲಿ ತಮ್ಮ ಖರ್ಚಿನಿಂದಲೇ ಕನ್ನಡ ಶಾಲೆಯೊಂದನ್ನು ನಡೆಸಿದ್ದರು. ಚನ್ನಬಸಪ್ಪನವರ ಕಾಲಕ್ಕೆ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರರಾಗಿದ್ದ ಡಬ್ಲ್ಯು. ಎ. ರಸೆಲ್ ಸಾಹೇಬರೂ ಕನ್ನಡದ ಪರವಾಗಿದ್ದರು. ಮೇಲಧಿಕಾರಿಯ ಒಲವು ದೊರೆತದ್ದು ದೊಡ್ಡ ಬಲವೇ ಸರಿ. ಆದರೆ ಆಜ್ಞೆ ಹೊರಟ ಮಾತ್ರಕ್ಕೆ ಶಾಲೆ ಕನ್ನಡವಾಗುವುದಿಲ್ಲ. ಕನ್ನಡ ಬಲ್ಲ ಶಿಕ್ಷಕನಿರಬೇಕು, ಅವನ ಕೈಯಲ್ಲಿ ಕನ್ನಡದ ಪುಸ್ತಕವಿರಬೇಕು, ಮಗುವನ್ನು ಕಳಿಸಲು ತಂದೆತಾಯಿಗಳು ಒಪ್ಪಬೇಕು. ಕಚೇರಿಯ ಕೆಲಸ ಮರಾಠಿ ಬಲ್ಲವರಿಗೆ ಸಿಗುತ್ತಿರುವಾಗ ಕನ್ನಡ ಕಲಿತು ನಮ್ಮ ಹುಡುಗ ಏನು ಮಾಡಬೇಕು ಎಂದು ಕೇಳುವ ತಂದೆಗೆ ಉತ್ತರ ಹೇಳಬೇಕು. ಈ ಎಲ್ಲ ಭಾರವನ್ನು ಚನ್ನಬಸಪ್ಪನವರು ಹೊತ್ತರು. ಕನ್ನಡದ ಊರುಗಳಲ್ಲಿದ್ದ ಮರಾಠಿ ಶಾಲೆಗಳು ಒಂದೊಂದಾಗಿ ಕನ್ನಡ ಶಾಲೆಗಳಾದವು. ಶಾಲೆಯಿಲ್ಲದ ಊರುಗಳಲ್ಲಿ ಹೊಸ ಕನ್ನಡ ಶಾಲೆಗಳು ಹುಟ್ಟಿದವು.

ಅವರ ಕಾರ್ಯದ ಮರ್ಮ ಇನ್ನೂ ಮುಂದಿದೆ. ಮಕ್ಕಳು ಓದಬೇಕಾದರೆ ಮೊದಲು ಗುರು ಓದಬೇಕು. ಮಕ್ಕಳು ಬರೆಯಬೇಕಾದರೆ ಮೊದಲು ಗುರು ಬರೆಯಬೇಕು ಎಂಬುದನ್ನು ಅವರು ಮನಗಂಡಿದ್ದರು. ಆದುದರಿಂದ ಅವರು 1865ರಲ್ಲಿ ಶಿಕ್ಷಕರಿಗಾಗಿಯೇ ಒಂದು ಪತ್ರಿಕೆ ಹೊರಡುವಂತೆ ಮಾಡಿದರು. ಅದರ ಹೆಸರು ‘ಮಠಪತ್ರಿಕೆ’. ಶಾಲೆಗೆ ಹೊಸ ಹೆಸರು ಬಂದಿದ್ದರೂ ಐಗಳ ಮಠದ ಹಳೆಯ ಹೆಸರನ್ನೇ ಪತ್ರಿಕೆಗೆ ಇಟ್ಟದ್ದನ್ನು ನಾವು ಗಮನಿಸಬೇಕು. ಶತಮಾನಗಳ ಕಾಲ ಅಕ್ಷರವನ್ನು ಕಾಯ್ದ ಮಠವನ್ನು ತಳ್ಳಿಹಾಕದೆ, ಅದರ ಹೆಸರಿನಲ್ಲಿಯೇ ಹೊಸ ವಿದ್ಯೆಯನ್ನು ಹರಡುವ ಮಾರ್ಗ ಅದಾಗಿತ್ತು. ದೂರದ ಹಳ್ಳಿಯಲ್ಲಿ ಒಬ್ಬನೇ ಕುಳಿತು ಕಲಿಸುವ ಶಿಕ್ಷಕನಿಗೆ ಆ ಪತ್ರಿಕೆ ಜೊತೆಗಾರನಾಯಿತು. ಮುಂದೆ ಹೆಸರು ಬದಲಾಯಿಸಿಕೊಂಡು, ‘ಜೀವನ ಶಿಕ್ಷಣ’ವೆಂಬ ಹೆಸರಿನಲ್ಲಿ ಅದೇ ಪತ್ರಿಕೆ ಧಾರವಾಡದಿಂದ ಮುಂದುವರಿದು ಬಂದಿತು.

ಪತ್ರಿಕೆಯೊಂದಿಗೆ ಪುಸ್ತಕಗಳೂ ಬೇಕಾಗಿದ್ದವು. ತಾವೊಬ್ಬರೇ ಎಲ್ಲವನ್ನೂ ಬರೆದು ಕೀರ್ತಿ ಪಡೆಯುವ ಹಂಬಲ ಅವರಿಗಿರಲಿಲ್ಲ. ಬರೆಯಬಲ್ಲವರನ್ನು ಹುಡುಕಿ, ಬೆನ್ನು ತಟ್ಟಿ, ಅವರ ಕೈಯಿಂದ ಬರೆಯಿಸಿದರು. ಅವರ ಪ್ರೋತ್ಸಾಹ ಪಡೆದವರಲ್ಲಿ ಗಂಗಾಧರ ಮಡಿವಾಳೇಶ್ವರ ತುರಮರಿಯವರು ಮುಖ್ಯರು. ಶಿಕ್ಷಕರಾಗಿದ್ದ ತುರಮರಿಯವರು ಬಾಣನ ಕಾದಂಬರಿಯನ್ನು ಕನ್ನಡದ ಗದ್ಯಕ್ಕೆ ತಂದರು. ನಮ್ಮ ಷಡಕ್ಷರದೇವರ ‘ರಾಜಶೇಖರ ವಿಲಾಸ’ಕ್ಕೆ ಟೀಕೆ ಬರೆದು ಓದುವವರಿಗೆ ಸುಲಭ ಮಾಡಿದರು. ಅದೇ ಕಾಲದಲ್ಲಿ ಚುರಮುರಿ ಶೇಷಗಿರಿರಾಯರು ಶಾಕುಂತಲವನ್ನು ಈ ಸೀಮೆಯ ಆಡುಮಾತಿಗೆ ಹತ್ತಿರವಾದ ಕನ್ನಡಕ್ಕೆ ತಂದರು. ವೆಂಕಟ ರಂಗೋ ಕಟ್ಟಿಯವರು ಶಾಲೆಗೆ ಬೇಕಾದ ಪುಸ್ತಕಗಳನ್ನು ಬರೆದರು. ಮುಂದೆ 1893ರಲ್ಲಿ ಮುಂಬಯಿ ಇಲಾಖೆಯ ಕರ್ನಾಟಕ ಭಾಗದ ಗ್ಯಾಜೆಟಿಯರನ್ನು ಕನ್ನಡದಲ್ಲಿ ಹೊರತಂದರು. ಕೆಲವು ವರ್ಷಗಳ ಹಿಂದೆ ಕನ್ನಡ ಶಾಲೆಯೇ ಅಪರೂಪವಾಗಿದ್ದ ಸೀಮೆಯಲ್ಲಿ ಲೇಖಕರ ಒಂದು ಬಳಗವೇ ಎದ್ದು ನಿಂತಿತು.

ಚನ್ನಬಸಪ್ಪನವರು ತಾವೂ ಬರೆದು ತೋರಿಸಿದರು. ಷೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ಎಂಬ ವಿನೋದ ನಾಟಕದ ವಸ್ತುವನ್ನು 1871ರಲ್ಲಿ ಕನ್ನಡಕ್ಕೆ ತಂದರು. ನಗದವರನ್ನೂ ನಗಿಸುವಂಥದು ಎಂಬ ಅರ್ಥದ ಹೆಸರನ್ನು ಅದಕ್ಕೆ ಕೊಟ್ಟರು. ಷೇಕ್ಸ್‌ಪಿಯರನನ್ನು ಕನ್ನಡಕ್ಕೆ ತಂದ ಮೊದಮೊದಲ ಪ್ರಯತ್ನಗಳಲ್ಲಿ ಅದೊಂದು. ಇಲಾಖೆಯ ಅಧಿಕಾರಿಯೊಬ್ಬರು ನೀತಿಪಾಠವನ್ನೋ ವ್ಯಾಕರಣವನ್ನೋ ಬರೆಯದೆ ನಗೆಯ ಕಥೆಯನ್ನು ಆರಿಸಿಕೊಂಡರು ಎಂಬುದರಲ್ಲಿ ನಮಗೊಂದು ಪಾಠವಿದೆ. ಓದು ಶಿಕ್ಷೆಯಾಗಬಾರದು, ಅದರಲ್ಲಿ ಸಂತೋಷವಿರಬೇಕು. ನಕ್ಕು ಓದಿದ ಮಗುವಿಗೆ ತಾನೂ ಒಂದು ಕಥೆ ಕಟ್ಟಬೇಕೆಂಬ ಆಸೆ ಹುಟ್ಟುತ್ತದೆ.

ಇದು ನಮ್ಮ ಶರಣ ಪರಂಪರೆಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಶರಣರು ದೇವರೊಡನೆ ಮಾತನಾಡಲು ತಾಯ್ನುಡಿಯನ್ನೇ ಆರಿಸಿಕೊಂಡರು. ಅದರಿಂದಾಗಿ ಅಕ್ಕಿ ಆಯುವ ಲಕ್ಕಮ್ಮ, ದೋಣಿ ನಡೆಸುವ ಚೌಡಯ್ಯ, ನೂಲು ತೆಗೆಯುವ ರೆಮ್ಮವ್ವೆ, ಪಾದರಕ್ಷೆಯ ಕಾಯಕದ ಧೂಳಯ್ಯ ಇವರೆಲ್ಲರೂ ವಚನಕಾರರಾದರು. ಬೇರೆ ಭಾಷೆಯನ್ನು ಕಲಿತು ಬನ್ನಿರೆಂದು ಅನುಭವ ಮಂಟಪದಲ್ಲಿ ಅವರಿಗೆ ಯಾರೂ ಹೇಳಲಿಲ್ಲ. ನಿಮ್ಮ ಕಾಯಕದ ಅನುಭವವನ್ನು ನಿಮ್ಮ ಮಾತಿನಲ್ಲಿಯೇ ನುಡಿಯಿರಿ ಎಂಬ ಆ ಔದಾರ್ಯವೇ ವಚನ ಸಾಹಿತ್ಯದ ಬೇರು. ಚನ್ನಬಸಪ್ಪನವರು ಅದೇ ಬೇರಿಗೆ ಹತ್ತೊಂಬತ್ತನೆಯ ಶತಮಾನದ ಶಾಲೆಗಳಲ್ಲಿ ನೀರೆರೆದರು ಎಂದು ನಾವು ಭಾವಿಸುತ್ತೇವೆ.

ಚನ್ನಬಸಪ್ಪನವರು 1881ರಲ್ಲಿ, ಐವತ್ತು ತುಂಬುವ ಮೊದಲೇ, ಲಿಂಗೈಕ್ಯರಾದರು. ಅವರು ನೆಟ್ಟ ಸಸಿಯ ಫಲವನ್ನು ನೋಡಲು ಅವರಿಗೆ ಆಯುಷ್ಯವಿರಲಿಲ್ಲ. ಅವರ ಬಳಿಕ ಎರಡು ವರ್ಷಕ್ಕೆ, 1883ರಲ್ಲಿ, ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. ಅಲ್ಲಿಯೇ 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಗಿ ಕನ್ನಡದ ಬರಹಗಾರರಿಗೆ ಆಸರೆಯಾಯಿತು. ಬೆಳಗಾವಿಯಲ್ಲಿ 1916ರಲ್ಲಿ ಕೆ. ಎಲ್. ಇ. ಸಂಸ್ಥೆಯನ್ನು ಕಟ್ಟಿದ ಏಳು ಮಂದಿಯೂ ಶಿಕ್ಷಕರೇ. ಕನ್ನಡ ಶಾಲೆಗಳು ಹಬ್ಬಿರದಿದ್ದರೆ ಈ ಯಾವ ಕಾರ್ಯಕ್ಕೂ ನೆಲವೇ ಇರುತ್ತಿರಲಿಲ್ಲ.

ಇಂದು ಯಾವ ಆಳರಸರೂ ನಮ್ಮ ಮಕ್ಕಳಿಂದ ಕನ್ನಡವನ್ನು ಕಸಿಯುತ್ತಿಲ್ಲ. ನಾವೇ ಅದನ್ನು ಅವರ ಕೈಯಿಂದ ಜಾರಿಸುತ್ತಿದ್ದೇವೆ. ಕನ್ನಡ ಕಲಿತು ನಮ್ಮ ಹುಡುಗ ಏನು ಮಾಡಬೇಕು ಎಂಬ ಅಂದಿನ ತಂದೆಯ ಪ್ರಶ್ನೆ ಇಂದು ನಮ್ಮ ಮನೆಗಳಲ್ಲಿಯೇ ಕೇಳಿಬರುತ್ತಿದೆ. ಹಲವು ಭಾಷೆಗಳನ್ನು ಮಕ್ಕಳು ಕಲಿಯಲಿ, ಚನ್ನಬಸಪ್ಪನವರೂ ಕಲಿತಿದ್ದರು. ಆದರೆ ಬಸವಣ್ಣನವರ ಒಂದು ವಚನವನ್ನು ತಾನಾಗಿ ಓದಲಾರದ, ಅಜ್ಜಿಗೆ ನಾಲ್ಕು ಸಾಲಿನ ಪತ್ರ ಬರೆಯಲಾರದ ಮಗು ಎಷ್ಟೇ ಕಲಿತರೂ ಒಂದು ಬಡತನದಲ್ಲಿಯೇ ಉಳಿಯುತ್ತದೆ.

ಆದುದರಿಂದ ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟೆ. ದಿನಕ್ಕೊಂದು ವಚನವನ್ನು ಮಗು ಗಟ್ಟಿಯಾಗಿ ಓದಲಿ. ಓದಿದ ಮೇಲೆ ತನಗೆ ತೋಚಿದ ಎರಡು ಸಾಲನ್ನು ತನ್ನ ಮಾತಿನಲ್ಲಿ ಬರೆಯಲಿ. ತಪ್ಪಿದ್ದರೆ ಗದರಿಸದೆ ತಿದ್ದಿರಿ. ಚೆನ್ನಾಗಿದ್ದರೆ ನಾಲ್ವರ ಮುಂದೆ ಓದಿಸಿರಿ. ಶಾಲೆಗಳಲ್ಲಿಯೂ ಪ್ರಸಾದ ನಿಲಯಗಳಲ್ಲಿಯೂ ಮಕ್ಕಳೇ ಬರೆದು ಮಕ್ಕಳೇ ಹೊಲಿದ ಕೈಬರಹದ ಪತ್ರಿಕೆಯೊಂದು ತಿಂಗಳಿಗೊಮ್ಮೆ ಹೊರಡಲಿ. ಅದರಲ್ಲಿ ಗುರುಗಳ ಬರಹವೂ ಒಂದಿರಲಿ, ಏಕೆಂದರೆ ಗುರು ಬರೆಯದೆ ಶಿಷ್ಯ ಬರೆಯನು. ಇದಕ್ಕೆ ಹಣ ಬೇಡ, ಕಟ್ಟಡ ಬೇಡ. ಹಾಳೆ, ಲೇಖನಿ, ದಿನಕ್ಕೆ ಅರ್ಧ ಗಳಿಗೆಯ ಪ್ರೀತಿ ಸಾಕು. ಇದೂ ಒಂದು ದಾಸೋಹವೇ. ಡೆಪ್ಯುಟಿ ಚನ್ನಬಸಪ್ಪನವರ ಸ್ಮರಣೆಗೆ ಇದಕ್ಕಿಂತ ಯೋಗ್ಯವಾದ ಗೌರವವನ್ನು ನಾವು ಕಾಣೆವು.