ಕೈಕೆಲಸಕ್ಕೆ ಬೆಲೆ ತಂದ ನಮ್ಮ ಕಮಲಾದೇವಿ



2018ರ ಏಪ್ರಿಲ್ 3ರಂದು ಆಫೀಸಿನಲ್ಲಿ ಕಂಪ್ಯೂಟರ್ ತೆರೆದಾಗ ಗೂಗಲ್ ಪುಟದಲ್ಲಿ ಒಂದು ಬಣ್ಣದ ಚಿತ್ರ ಕಂಡಿತು. ನಡುವೆ ಒಬ್ಬ ಮಹಿಳೆ. ಸುತ್ತಲೂ ಸಿತಾರ್, ಸಾರಂಗಿ, ಕಥಕ್, ಬುಟ್ಟಿ ಹೆಣೆಯುವ ಕೈ, ಕಠಪುತಲಿ ಗೊಂಬೆ, ಕಸೂತಿ. ಅದು ಕಮಲಾದೇವಿ ಚಟ್ಟೋಪಾಧ್ಯಾಯ ಅವರ 115ನೇ ಹುಟ್ಟುಹಬ್ಬಕ್ಕೆ ಬರೆದ ಚಿತ್ರ. ಹೆಸರು ನೋಡಿ ಯಾರೋ ಬಂಗಾಳಿಯವರು ಅಂದುಕೊಂಡೆ. ಓದಿದ ಮೇಲೆ ನಾಚಿಕೆಯಾಯಿತು. ಅವರು ನಮ್ಮ ಮಂಗಳೂರಿನ ಮಗಳು!

ಕಮಲಾದೇವಿ ಹುಟ್ಟಿದ್ದು 1903ರಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಬ್ರಿಟಿಷ್ ಸರ್ಕಾರದ ಅಧಿಕಾರಿ, ತಾಯಿ ಗಿರಿಜಾಬಾಯಿ. ಅವರಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಆಗಿನ ಕಾನೂನಿನಂತೆ ಆಸ್ತಿ ತಂದೆಯ ಮೊದಲ ಮದುವೆಯ ಮಗನ ಪಾಲಾಯಿತು. ತಾಯಿ ತಮ್ಮ ತವರಿನ ಹಣದಲ್ಲೇ ಮಕ್ಕಳನ್ನು ಸಾಕಿದರು. ಹೆಣ್ಣಿಗೆ ಸ್ವಂತ ಸಂಪಾದನೆ ಯಾಕೆ ಬೇಕು ಎನ್ನುವುದನ್ನು ಕಮಲಾದೇವಿ ಯಾವ ಪುಸ್ತಕದಿಂದಲೂ ಕಲಿಯಬೇಕಾಗಿರಲಿಲ್ಲ.

ಹದಿನಾಲ್ಕಕ್ಕೆ ಮದುವೆ, ಎರಡೇ ವರ್ಷದಲ್ಲಿ ವೈಧವ್ಯ. ಆದರೂ ಓದು ಬಿಡಲಿಲ್ಲ. ಮದರಾಸಿನಲ್ಲಿ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದರು. ಹರೀಂದ್ರನಾಥರು ಸರೋಜಿನಿ ನಾಯ್ಡು ಅವರ ತಮ್ಮ. ವಿಧವಾ ವಿವಾಹ, ಅದೂ ಬೇರೆ ಭಾಷೆಯವರ ಜೊತೆ! ಆಗ ಎಷ್ಟು ಮಾತು ಕೇಳಬೇಕಾಯಿತೋ ಊಹಿಸಿಕೊಳ್ಳಿ. 1926ರಲ್ಲಿ ಮದರಾಸ್ ಶಾಸನಸಭೆಗೆ ಸ್ಪರ್ಧಿಸಿ ಕೆಲವೇ ಮತಗಳಿಂದ ಸೋತರು. 1930ರಲ್ಲಿ ಮುಂಬಯಿಯ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಚೂಣಿಯಲ್ಲಿದ್ದು ಜೈಲು ಸೇರಿದರು. 1931ರ ಮೂಕಿ ಚಿತ್ರ ಮೃಚ್ಛಕಟಿಕದಲ್ಲಿ ನಟಿಸಿದರು.

ಸ್ವಾತಂತ್ರ್ಯ ಬಂದ ಮೇಲೆ ಅವರು ಅಧಿಕಾರದ ಹಿಂದೆ ಹೋಗಲಿಲ್ಲ, ನಿರಾಶ್ರಿತರ ಕಡೆ ಹೋದರು. 1948ರಲ್ಲಿ ಭಾರತೀಯ ಸಹಕಾರಿ ಒಕ್ಕೂಟ ಕಟ್ಟಿ, ವಾಯವ್ಯ ಗಡಿನಾಡಿನಿಂದ ಬಂದವರಿಗಾಗಿ ಫರೀದಾಬಾದ್ ನಗರ ಎದ್ದು ನಿಲ್ಲುವಲ್ಲಿ ದುಡಿದರು. ನಾನಿರುವ ಮುಖರ್ಜಿ ನಗರದ ಪಕ್ಕದಲ್ಲೇ ಕಿಂಗ್ಸ್‌ವೇ ಕ್ಯಾಂಪ್ ಇದೆ. ಇಂದು ಅಲ್ಲೆಲ್ಲಾ ಕೋಚಿಂಗ್ ಬೋರ್ಡುಗಳು, ಐಎಎಸ್ ಕನಸಿನ ಮಕ್ಕಳು. 1947ರಲ್ಲಿ ಅದು ದೆಹಲಿಯ ಅತಿದೊಡ್ಡ ನಿರಾಶ್ರಿತರ ಶಿಬಿರ. ನಮ್ಮ ಮನೆಯೊಡತಿ ಪಂಜಾಬಿ ಅಜ್ಜಿಯ ತಾಯಿ ಅಲ್ಲಿಗೆ ಬಂದಾಗ ತಂದಿದ್ದು ಒಂದು ಫುಲ್ಕಾರಿ ದುಪಟ್ಟ ಮಾತ್ರವಂತೆ. ಎಲ್ಲ ಕಳೆದುಕೊಂಡವರಲ್ಲೂ ಕೈಯ ವಿದ್ಯೆ ಉಳಿದಿರುತ್ತದೆ, ಅದನ್ನೇ ಅನ್ನವಾಗಿಸಬೇಕು ಎಂಬುದು ಕಮಲಾದೇವಿಯವರ ದಾರಿ.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದು ಹಳ್ಳಿಹಳ್ಳಿ ಸುತ್ತಿದರು. ಕಾಳಹಸ್ತಿಯ ಕಲಂಕಾರಿಯಂಥ ಅಳಿವಿನಂಚಿನ ಕಲೆಗಳಿಗೆ ತರಬೇತಿ, ಮಾರುಕಟ್ಟೆ ಎರಡೂ ಸಿಕ್ಕವು. ದೆಹಲಿಯ ಕಾಟೇಜ್ ಎಂಪೋರಿಯಂ ಬೆಳೆದದ್ದೂ ಅವರ ಒಕ್ಕೂಟದ ಆರೈಕೆಯಲ್ಲಿ. 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ ಬಂದವು. 1988ರ ಅಕ್ಟೋಬರ್ 29ರಂದು ತೀರಿಕೊಂಡರು.

ಇದನ್ನೆಲ್ಲ ಓದುವಾಗ ನನಗೆ ನನ್ನದೇ ಒಂದು ತಪ್ಪು ನೆನಪಾಯಿತು. ಅದರ ಹಿಂದಿನ ಚಳಿಗಾಲದಲ್ಲಿ ದಿಲ್ಲಿ ಹಾಟ್‌ನಲ್ಲಿ ಒಬ್ಬ ಹೆಂಗಸಿನ ಬಳಿ ಕಸೂತಿ ಮಾಡಿದ ರವಿಕೆ ಬಟ್ಟೆಗೆ ಇನ್ನೂರು ರೂಪಾಯಿ ಕಡಿಮೆ ಮಾಡಿಸಿ, ಗೆದ್ದೆನೆಂದು ಬೀಗಿದ್ದೆ. ಧಾರವಾಡದ ನನ್ನ ಅಜ್ಜಿ ಕಸೂತಿ ಹಾಕುತ್ತಿದ್ದಳು. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸುತ್ತಾ ಗಂಟಿಲ್ಲದ ಗವಂತಿ ಹೊಲಿಗೆ. ಹಿಂದೆ ಮುಂದೆ ಎರಡೂ ಕಡೆ ಒಂದೇ ರೂಪ. ಒಂದು ಎಳೆ ತಪ್ಪಿದರೂ ಬಿಚ್ಚಬೇಕು. ನನ್ನ ಕೋಡಿಗೆ ಗಂಟೆ ಲೆಕ್ಕದಲ್ಲಿ ಬೆಲೆ ಕೇಳುವ ನಾನು, ಅಜ್ಜಿಯದೇ ವಿದ್ಯೆಗೆ ಗಂಟೆಯ ಲೆಕ್ಕ ಹಾಕಲೇ ಇಲ್ಲ.

ಆ ಸಲ ಊರಿಗೆ ಹೋದಾಗ ಅಜ್ಜಿಯ ಟ್ರಂಕಿನಿಂದ ಅರ್ಧ ಹಾಕಿದ ಗೋಪುರದ ಸೆರಗನ್ನು ತಂದೆ. ಎಂಟೆಕ್ ಓದುವಾಗ ಬಿಟ್ಟಿದ್ದ ಬಣ್ಣದ ಪೆನ್ಸಿಲ್ ಹಿಡಿದು, ಆ ಗೋಪುರವನ್ನು ಚೌಕುಳಿ ಹಾಳೆಯಲ್ಲಿ ಚುಕ್ಕಿ ಲೆಕ್ಕದಲ್ಲಿ ಬರೆದುಕೊಂಡೆ. ಭಾನುವಾರಗಳಲ್ಲಿ ಒಂದೊಂದು ಸಾಲು ಹಾಕುತ್ತೇನೆ. ಅಜ್ಜಿಯ ಸಾಲೆಲ್ಲಿ ಮುಗಿಯಿತು, ನನ್ನದೆಲ್ಲಿ ಶುರುವಾಯಿತು ಎಂದು ಯಾರು ಬೇಕಾದರೂ ಗುರುತಿಸಬಹುದು, ನನ್ನದು ಅಷ್ಟು ಸೊಟ್ಟ! ಆದರೆ ವಾರವಿಡೀ ಸ್ಕ್ರೀನ್ ನೋಡಿ ದಣಿದ ಕಣ್ಣಿಗೆ ಆ ಕೆಂಪು, ಆ ಹಸಿರು ಎಷ್ಟು ಹಿತ ಗೊತ್ತೇ?

ಮುಂದಿನ ಸಲ ಮೇಳಕ್ಕೆ ಹೋದಾಗ ಚೌಕಾಸಿಗೆ ಮೊದಲು ಒಂದು ಪ್ರಶ್ನೆ ಕೇಳೋಣ: ಇದನ್ನು ಮಾಡಲು ಎಷ್ಟು ದಿನ ಹಿಡಿಯಿತು? ಉತ್ತರ ಕೇಳಿದ ಮೇಲೆ ಚೌಕಾಸಿ ಮಾಡುವ ಮನಸ್ಸು ನನಗಂತೂ ಬಂದಿಲ್ಲ.