ಬಿಸಿನೀರಿನ ಮೂರ್ಛೆಯನ್ನು ಅರಿತ ವೈದ್ಯ ಡಾ. ಕೆ. ಎಸ್. ಮಣಿ

ತಲೆಗೆ ಬಿಸಿನೀರು ಹೊಯ್ದುಕೊಂಡೊಡನೆ ಕೆಲವರಿಗೆ ಮೂರ್ಛೆ ಬರುವುದುಂಟು. ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವ ಈ ಅಪಸ್ಮಾರವನ್ನು ಬೆಂಗಳೂರಿನ ನರರೋಗತಜ್ಞರಾಗಿದ್ದ ದಿವಂಗತ ಡಾ. ಕೆ. ಎಸ್. ಮಣಿಯವರು ಸಹೋದ್ಯೋಗಿಗಳೊಡನೆ 1968ರಲ್ಲಿಯೇ ವೈದ್ಯಪತ್ರಿಕೆಯಲ್ಲಿ ವಿವರಿಸಿದರು. ಹೈದರಾಬಾದಿಗೆ ಬಂದು ನೆಲೆಸಿದರೂ ಎಣ್ಣೆಸ್ನಾನವನ್ನು ಬಿಡದ ನಮ್ಮ ಮನೆಗಳಿಗೆ ಇದು ದೂರದ ವಿಷಯವೇನಲ್ಲ.

ಆದರೆ ಅವರ ಹಿರಿಯ ಸಾಧನೆ ಯಳಂದೂರಿನದು. 1990ರ ದಶಕದಲ್ಲಿ ಅವರ ತಂಡವು ಅಲ್ಲಿ ಮನೆಮನೆಗೂ ಹೋಗಿ 64,963 ಜನರ ಸಮೀಕ್ಷೆ ನಡೆಸಿತು. ಸಾವಿರಕ್ಕೆ ಸುಮಾರು 4.6 ಮಂದಿಯಲ್ಲಿ ಅಪಸ್ಮಾರ ಕಂಡುಬಂದಿತು. ದೆವ್ವದ ಕಾಟವೆಂದು ಬಚ್ಚಿಡುವ ರೋಗವಿದು. ಬಾಗಿಲು ತೆರೆಸುವುದೇ ಅರ್ಧ ಚಿಕಿತ್ಸೆ. ಕೊಟ್ಟದ್ದು ದುಬಾರಿ ಔಷಧಿಯಲ್ಲ, ಹಳೆಯ ಫಿನೋಬಾರ್ಬಿಟೋನ್ ಅಥವಾ ಫೆನಿಟಾಯಿನ್ ಮಾತ್ರೆ. ಮೂರ್ಛೆಗಳು ಮೂವತ್ತನ್ನು ಮೀರುವ ಮೊದಲೇ ಚಿಕಿತ್ಸೆಗೆ ಬಂದವರಿಗೆ ಹೆಚ್ಚಿನ ಗುಣ ಕಂಡಿತೆಂದು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯು ಆ ಫಲಿತಾಂಶವನ್ನು ಪ್ರಕಟಿಸಿತು.