ನಕ್ಷತ್ರಾನ್ವೇಷಕ ವೇಣು ಬಾಪು

ಮಾರ್ಚಿ ತಿಂಗಳಲ್ಲಿ ರಾತ್ರಿ ಎಂಟರ ಸುಮಾರಿಗೆ ವೈಟ್‌ಫೀಲ್ಡಿನ ದೀಪಗಳನ್ನು ಹಿಂದಿಟ್ಟು, ಹೊಸಕೋಟೆಯ ಆಚೆಯ ಬಯಲಿನಲ್ಲಿ ದಕ್ಷಿಣಾಭಿಮುಖವಾಗಿ ನಿಂತರೆ, ಅಗಸ್ತ್ಯ ನಕ್ಷತ್ರದ ಎಡಕ್ಕೆ ತುಸು ಮೇಲೆ ನೀಲಿ ಬೆರೆತ ಬಿಳಿಯ ಚುಕ್ಕೆಯೊಂದು ಕಾಣುವುದು. ಅದೇ ಗಾಮಾ ವೆಲೋರಮ್. ಸುಮಾರು 1,100 ಜ್ಯೋತಿರ್ವರ್ಷ ದೂರದ ಆ ಚುಕ್ಕೆ ಕಣ್ಣಿಗೆ ಒಂದು. ದಿಟದಲ್ಲಿ ಒಂದನ್ನೊಂದು ಸುತ್ತುವ ಎರಡು ಉಗ್ರ ತಾರೆಗಳು. ಒಂದಂತೂ ತನ್ನ ಮೈಯ ದ್ರವ್ಯವನ್ನೇ ಬಿರುಗಾಳಿಯಂತೆ ಹೊರಕ್ಕೆ ಊದುತ್ತಿದೆ. ಈ ಸುತ್ತಿಗೆ ಸುಮಾರು 78½ ದಿನ ಹಿಡಿಯುವುದೆಂದು 1960ರ ದಶಕದಲ್ಲಿ ಸಹೋದ್ಯೋಗಿಯೊಬ್ಬರೊಡನೆ ಗಣಿಸಿದವರು ಮನಾಲಿ ಕಲ್ಲಾಟ್ ವೇಣು ಬಾಪು.

ಅವರು ಜನಿಸಿದ್ದು 1927ರ ಆಗಸ್ಟ್ 10ರಂದು, ಮದರಾಸಿನಲ್ಲಿ. ತಂದೆಗೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಉದ್ಯೋಗವಿದ್ದುದರಿಂದ ದೂರದರ್ಶಕವು ಬಾಲಕನಿಗೆ ಮನೆಯ ವಸ್ತುವೇ ಆಗಿತ್ತು. ವಿದ್ಯಾರ್ಥಿವೇತನದಿಂದ ಹಾರ್ವರ್ಡಿಗೆ ಹೋದ ಕೆಲವೇ ತಿಂಗಳಲ್ಲಿ, 1949ರ ಜುಲೈ 2ರಂದು, ಒಂದು ಹೊಸ ಧೂಮಕೇತು ಅವರ ಕಣ್ಣಿಗೆ ಬಿತ್ತು. ಆಗ ಅವರಿಗಿನ್ನೂ ಇಪ್ಪತ್ತೊಂದು! ಅದು ಬಾಪು–ಬಾಕ್–ನ್ಯೂಕರ್ಕ್ ಎಂಬ ಹೆಸರು ಪಡೆಯಿತು. 1957ರಲ್ಲಿ ವಿಲ್ಸನ್ನರೊಡನೆ ಪ್ರಕಟಿಸಿದ ಸಂಶೋಧನೆ ಇದಕ್ಕಿಂತ ಹಿರಿದು: ಕೆಲವು ಬಗೆಯ ತಾರೆಗಳ ಬೆಳಕಿನಲ್ಲಿ ಕ್ಯಾಲ್ಸಿಯಂ ರೇಖೆಯ ಅಗಲವನ್ನು ಅಳೆದು, ಅವುಗಳ ನಿಜವಾದ ಪ್ರಕಾಶವನ್ನೂ ಅದರಿಂದ ದೂರವನ್ನೂ ತಿಳಿಯುವ ಮಾರ್ಗವದು.

ವಿದೇಶದಲ್ಲೇ ನಿಂತಿದ್ದರೆ ದೊಡ್ಡ ಉಪಕರಣಗಳಿಗೆ ಕೊರತೆಯಿರಲಿಲ್ಲ. ಆದರೂ ಅವರು ಸ್ವದೇಶಕ್ಕೆ ಮರಳಿದರು. ನೈನಿತಾಲಿನಲ್ಲಿ ವೀಕ್ಷಣಾಲಯ ಕಟ್ಟಿ, 1960ರಲ್ಲಿ ಕೋಡೈಕನಾಲಿನ ನಿರ್ದೇಶಕರಾದರು. ಸೂರ್ಯವೀಕ್ಷಣೆಗೆ ಹೆಸರಾದ ಆ ಬೆಟ್ಟದಲ್ಲಿ ರಾತ್ರಿ ಮೋಡಗಳ ಕಾಟ. ತಾರೆಗಳಿಗೆ ಬೇರೆಯೇ ನೆಲೆ ಬೇಕಾಯಿತು. ಅಲೆದು ಅಲೆದು ಕೊನೆಗೆ ಜವಾದಿ ಬೆಟ್ಟಗಳ ಕಾವಲೂರನ್ನು ಆರಿಸಿದರು. ದಕ್ಷಿಣದ ತಾರೆಗಳೂ ಚೆನ್ನಾಗಿ ಕಾಣುವ ಸ್ಥಳವದು. 1968ರಲ್ಲಿ ಅಲ್ಲಿ ಆರಂಭವಾದದ್ದು 38 ಸೆಂಟಿಮೀಟರಿನ ಸಣ್ಣ ದೂರದರ್ಶಕದಿಂದ. 1971ರಲ್ಲಿ ಭಾರತೀಯ ಖಭೌತವಿಜ್ಞಾನ ಸಂಸ್ಥೆ ಸ್ವಾಯತ್ತವಾಗಿ, ಮುಂದೆ ಬೆಂಗಳೂರಿಗೆ ಬಂದಿತು.

ಅವರ ಮನಸ್ಸೆಲ್ಲ ಇದ್ದುದು 2.34 ಮೀಟರಿನ ದೊಡ್ಡ ದೂರದರ್ಶಕದ ಮೇಲೆ. ಕೊಂಡು ತರುವುದಲ್ಲ, ಇಲ್ಲೇ ಮಾಡಬೇಕೆಂಬ ಹಟ. ದರ್ಪಣವನ್ನು ಬೆಂಗಳೂರಿನಲ್ಲೇ ಉಜ್ಜಿ ಹದಗೊಳಿಸಿದರು. ಅಷ್ಟರಲ್ಲಿ, 1979ರಲ್ಲಿ, ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷತೆಯೂ ಅವರಿಗೆ ಬಂದಿತ್ತು. ಆದರೆ 1982ರ ಆಗಸ್ಟ್ 19ರಂದು, ಹೃದಯದ ಶಸ್ತ್ರಚಿಕಿತ್ಸೆಯ ತರುವಾಯ, ಮ್ಯೂನಿಕ್ ನಗರದಲ್ಲಿ ತೀರಿಕೊಂಡರು. ವಯಸ್ಸು ಕೇವಲ ಐವತ್ತೈದು. ತಾವು ಕನಸು ಕಂಡ ದರ್ಪಣದಲ್ಲಿ ಒಂದು ತಾರೆಯನ್ನೂ ಅವರು ನೋಡಲಿಲ್ಲ. 1986ರ ಜನವರಿ 6ರಂದು ಕಾವಲೂರಿನಲ್ಲಿ ಅದರ ಉದ್ಘಾಟನೆಯಾಯಿತು. ವೀಕ್ಷಣಾಲಯಕ್ಕೂ ದೂರದರ್ಶಕಕ್ಕೂ ಅವರದೇ ಹೆಸರನ್ನಿಟ್ಟರು.

ನಮ್ಮ ನೆರೆಯ ಹೊಸಕೋಟೆಯಲ್ಲಿ ಅದೇ ಸಂಸ್ಥೆಯ ಶಾಖೆಯೊಂದಿದೆ. ಅಲ್ಲಿ ಕುಳಿತವರು ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ದೂರದರ್ಶಕವನ್ನು ಉಪಗ್ರಹದ ಮೂಲಕ ತಿರುಗಿಸುತ್ತಾರೆ.